ಕ್ಲೀಟ್ ಅತ್ತ ಸರಿದರೆ ಕಾಲು ಇತ್ತ: ಪೆಡಲ್ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಲ ಸೀಟಿನ ಎತ್ತರದ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳೆಲ್ಲ ಸೀಟು ಬಿಟ್ಟು ಕೆಳಗಿಳಿದು ಪಾದದ ಹತ್ತಿರ ಬಂದು ನಿಂತಿವೆ. ಬೆರಳು ಮುಂದಿನ ಚಕ್ರಕ್ಕೆ ತಾಗುತ್ತದೆ, ಶೂ ಕ್ರ್ಯಾಂಕಿಗೆ, ಅಂದರೆ ಪೆಡಲ್ ಹಿಡಿದಿರುವ ತೋಳಿಗೆ ಉಜ್ಜುತ್ತದೆ, ಹಿಮ್ಮಡಿ ಚೀಲಕ್ಕೆ ಬಡಿಯುತ್ತದೆ, ಒಂದು ಗಂಟೆ ತುಳಿದರೆ ಅಂಗಾಲು ಉರಿಯುತ್ತದೆ. ನನಗೆ ಖುಷಿಯಾಯಿತು. ಸೈಕಲ್ ಕೊಳ್ಳುವಾಗ ಗೇರು, ಬ್ರೇಕು ಎಲ್ಲ ನೋಡುವ ನಾವು ಪಾದ ಎಲ್ಲಿ ಕೂರುತ್ತದೆ ಅಂತ ನೋಡುವುದೇ ಇಲ್ಲ, ಆದರೆ ಒಂದು ಗಂಟೆಯಲ್ಲಿ ನಾಲ್ಕೈದು ಸಾವಿರ ಸಲ ತಿರುಗುವುದು ಅದೇ ಪಾದ ಅಲ್ವಾ?

ಉತ್ತರಗಳಿಗೆ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಕೆಳಗಿನ ಅರ್ಧಕ್ಕರ್ಧ ಉತ್ತರ ಇದರ ಮೇಲೆ ನಿಂತಿದೆ. ಕ್ಲೀಟ್ ಅಂದರೆ ಶೂ ತಳಕ್ಕೆ ಬೋಲ್ಟ್ ಹಾಕಿ ಕೂರಿಸುವ, ಪೆಡಲ್ ಕಚ್ಚಿ ಹಿಡಿಯುವ ಸಣ್ಣ ತುಂಡು. ಪೆಡಲ್ ಒಳಗೆ ಅದು ಯಾವಾಗಲೂ ಒಂದೇ ಜಾಗದಲ್ಲಿ ಕೂರುತ್ತದೆ. ಜಾಗ ಬದಲಾಗುವುದು ಶೂದು. ಹಾಗಾಗಿ ಶೂ ತಳದಲ್ಲಿ ಕ್ಲೀಟನ್ನು ಮುಂದಕ್ಕೆ ಸರಿಸಿದರೆ ಪಾದ ಹಿಂದಕ್ಕೆ ಹೋಗುತ್ತದೆ. ಹಿಂದಕ್ಕೆ ಸರಿಸಿದರೆ ಪಾದ ಮುಂದಕ್ಕೆ ಬರುತ್ತದೆ. ಒಳಗೆ ಸರಿಸಿದರೆ ಪಾದ ಹೊರಗೆ. ಎಲ್ಲವೂ ಉಲ್ಟಾ. ಇದೊಂದು ಮನಸ್ಸಿನಲ್ಲಿ ಕೂತರೆ ಮಿಕ್ಕಿದ್ದು ನಿಮಗೇ ಹೊಳೆಯುತ್ತದೆ.

ಪ್ರಶ್ನೆ: ನನ್ನದು ಚಿಕ್ಕ ಫ್ರೇಮಿನ ರೋಡ್ ಸೈಕಲ್. ನಿಧಾನವಾಗಿ ತಿರುಗಿಸುವಾಗ ಶೂವಿನ ತುದಿ ಮುಂದಿನ ಚಕ್ರಕ್ಕೆ ತಾಗುತ್ತದೆ. ಒಮ್ಮೆ ಬೀಳುವ ಹಾಗಾಯಿತು. ಸೈಕಲ್ಲೇ ಸರಿ ಇಲ್ಲವಾ?

ಉತ್ತರ: ಸೈಕಲ್ ಕೆಟ್ಟಿಲ್ಲ, ಗಾಬರಿ ಬೇಡ. ಚಿಕ್ಕ ಫ್ರೇಮಿಗೂ ದೊಡ್ಡ ಫ್ರೇಮಿನಷ್ಟೇ ದೊಡ್ಡ ಚಕ್ರ ಹಾಕುತ್ತಾರೆ, ಅದಕ್ಕೇ ಪೆಡಲ್‌ಗೂ ಚಕ್ರಕ್ಕೂ ನಡುವೆ ಜಾಗ ಕಡಿಮೆಯಾಗುತ್ತದೆ. ಕುಳ್ಳಗಿನ ಸವಾರರು ಬಹಳಷ್ಟು ಜನ ಇದನ್ನು ಅನುಭವಿಸಿರುತ್ತಾರೆ.

ಮೊದಲು ಒಂದು ಪರೀಕ್ಷೆ ಮಾಡಿ. ಸೈಕಲ್ ಗೋಡೆಗೆ ಒರಗಿಸಿ, ಶೂ ಹಾಕಿಕೊಂಡು ಕೂತು, ಬಲ ಪೆಡಲ್ ಪೂರ್ತಿ ಮುಂದಕ್ಕೆ ಬರುವ ಹಾಗೆ ನಿಲ್ಲಿಸಿ. ಈಗ ಹ್ಯಾಂಡಲ್ಲನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ. ಚಕ್ರದ ಮುಂಭಾಗ ಎಡಕ್ಕೆ ಹೋದಂತೆ ಹಿಂಭಾಗ ಬಲಕ್ಕೆ ಬಂದು ನಿಮ್ಮ ಬಲಗಾಲಿನ ಬೆರಳ ಹತ್ತಿರ ನಿಲ್ಲುವುದು ಕಾಣುತ್ತದೆ. ಅಂದರೆ ಎಡಕ್ಕೆ ತಿರುಗುವಾಗ ಅಪಾಯ ಬಲಗಾಲಿಗೆ, ಬಲಕ್ಕೆ ತಿರುಗುವಾಗ ಎಡಗಾಲಿಗೆ. ತುಂಬಾ ಜನ ಇದನ್ನು ತಿರುವುಮುರುವಾಗಿ ಅಂದುಕೊಂಡಿರುತ್ತಾರೆ.

ಇನ್ನೊಂದು ಗಮನಿಸಿ. ತಾಗಬೇಕಾದರೆ ಹ್ಯಾಂಡಲ್ ಎಷ್ಟು ತಿರುಗಬೇಕಾಯಿತು? ಸಾಕಷ್ಟು ಜಾಸ್ತಿ. ವೇಗದಲ್ಲಿ ನಾವು ಅಷ್ಟು ಹ್ಯಾಂಡಲ್ ತಿರುಗಿಸುವುದೇ ಇಲ್ಲ, ಸೈಕಲ್ಲನ್ನು ವಾಲಿಸಿ ತಿರುಗುತ್ತೇವೆ. ಹಾಗಾಗಿ ಇದು ಪೂರ್ತಿ ಯೂ ಟರ್ನ್ ತೆಗೆದುಕೊಳ್ಳುವಾಗ, ಟ್ರಾಫಿಕ್ಕಿನಲ್ಲಿ ತೆವಳುವಾಗ, ಏರಿನಲ್ಲಿ ಓಲಾಡುತ್ತಾ ಹತ್ತುವಾಗ ಬರುವ ತೊಂದರೆ. ಅಂಥ ಜಾಗದಲ್ಲಿ ತುಳಿಯುವುದನ್ನು ಒಂದು ಕ್ಷಣ ನಿಲ್ಲಿಸಿ. ಹೊರಗಿನ ಕಾಲು ಮುಂದೆ ಇರದ ಹಾಗೆ ನೋಡಿಕೊಂಡು ತಿರುಗಿ. ಒಳಗಿನ ಕಾಲು ಮುಂದಿದ್ದರೆ ಏನೂ ಆಗುವುದಿಲ್ಲ. ಖಾಲಿ ಮೈದಾನದಲ್ಲಿ ಹತ್ತು ನಿಮಿಷ ಎಂಟರ ಆಕಾರದಲ್ಲಿ ಸುತ್ತಿ, ಕಾಲು ತಾನೇ ಕಲಿತುಕೊಳ್ಳುತ್ತದೆ.

ಜಾಗ ಹೆಚ್ಚಿಸಲೂ ದಾರಿ ಇದೆ. ಕ್ಲೀಟನ್ನು ಎರಡು ಮೂರು ಮಿಲಿಮೀಟರ್ ಮುಂದಕ್ಕೆ ಸರಿಸಿದರೆ ಪಾದ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಆದರೆ ಇದಕ್ಕೊಂದು ಮಿತಿ ಇದೆ, ಜಾಸ್ತಿ ಮುಂದೆ ಹೋದರೆ ಅಂಗಾಲು ಮತ್ತು ಮೀನಖಂಡಕ್ಕೆ ಭಾರ ಬೀಳುತ್ತದೆ. ಟೈರ್ ಒಂದು ಅಳತೆ ಸಣ್ಣದು ಹಾಕಿದರೂ ನಾಲ್ಕು ಮಿಲಿಮೀಟರ್ ಆಸುಪಾಸು ಸಿಗಬಹುದು. ಕ್ರ್ಯಾಂಕ್ 175 ಮಿಲಿಮೀಟರಿನದಿದ್ದರೆ 165ರದು ಹಾಕಿ, ನೇರವಾಗಿ 10 ಮಿಲಿಮೀಟರ್ ಬಿಡುವು ಸಿಗುತ್ತದೆ. ನಿಮ್ಮದು ಚಿಕ್ಕ ಫ್ರೇಮು ಅಂದಮೇಲೆ ಸಣ್ಣ ಕ್ರ್ಯಾಂಕ್ ಕಾಲಿಗೂ ಹಿತವಾಗಿರುತ್ತದೆ ಅಂತ ನನ್ನ ಅಭಿಪ್ರಾಯ. ಆಗ ಸೀಟು ಅಷ್ಟೇ 10 ಮಿಲಿಮೀಟರ್ ಮೇಲಕ್ಕೆ ಹೋಗಬೇಕು, ಮರೆಯಬೇಡಿ.

ಮಡ್‌ಗಾರ್ಡ್ ಹಾಕುವ ಮುನ್ನ ಇನ್ನೊಮ್ಮೆ ಅಳೆಯಿರಿ. ಶೂ ಟೈರಿಗೆ ತಾಗಿದರೆ ಒಂದು ಉಜ್ಜು, ಅಷ್ಟೇ. ಮಡ್‌ಗಾರ್ಡ್ ಅಂಚಿಗೆ ಸಿಕ್ಕಿಕೊಂಡರೆ ಹ್ಯಾಂಡಲ್ ವಾಪಸ್ ತಿರುಗುವುದೇ ಕಷ್ಟ. ಅಮೆರಿಕದ ಸೈಕಲ್ ಸುರಕ್ಷತಾ ನಿಯಮದಲ್ಲಿ, ಪಾದ ಹಿಡಿದಿಡದ ಸಾದಾ ಪೆಡಲ್ಲಿನ ಸೈಕಲ್‌ಗೆ ಪೆಡಲ್ಲಿನ ನಡುಮಧ್ಯದಿಂದ ಮುಂದಿನ ಟೈರ್ ಅಥವಾ ಮಡ್‌ಗಾರ್ಡ್‌ವರೆಗೆ ಕನಿಷ್ಠ 89 ಮಿಲಿಮೀಟರ್ ಜಾಗ ಇರಬೇಕು ಅಂತಿದೆ. ಟೇಪು ಹಿಡಿದು ನಿಮ್ಮದು ಎಷ್ಟಿದೆ ಅಂತ ನೋಡಿ, ಹೋಲಿಸಲು ಒಂದು ಅಂದಾಜು ಸಿಗುತ್ತದೆ.

ಪ್ರಶ್ನೆ: ಬಲಗಾಲಿನ ಶೂ ಒಳಬದಿ ಕ್ರ್ಯಾಂಕಿಗೆ ಉಜ್ಜಿ ಉಜ್ಜಿ ಕ್ರ್ಯಾಂಕಿನ ಕಪ್ಪು ಬಣ್ಣವೇ ಹೋಗಿದೆ. ಕೆಲವು ಸಲ ಪಾದದ ಗಂಟು ಕೂಡ ತಾಗಿ ನೋಯುತ್ತದೆ. ಎಡಗಾಲಿಗೆ ಹೀಗಿಲ್ಲ. ಏನು ಮಾಡಲಿ?

ಉತ್ತರ: ಆ ಬಣ್ಣ ಹೋದ ಜಾಗವನ್ನು ಒಮ್ಮೆ ಸರಿಯಾಗಿ ನೋಡಿ. ಎಲ್ಲಿ ಹೊಳೆಯುತ್ತಿದೆ ಅನ್ನುವುದರಲ್ಲೇ ಉತ್ತರ ಇದೆ. ಪೆಡಲ್ ಸಿಕ್ಕಿಸಿದ ತುದಿಯ ಹತ್ತಿರ ಸವೆದಿದ್ದರೆ ಶೂವಿನ ಮುಂಭಾಗ ತಾಗುತ್ತಿದೆ, ಅಂದರೆ ಪಾದ ಪೂರ್ತಿ ಒಳಗೆ ಕೂತಿದೆ. ಅಲ್ಲಿಂದ ಮೇಲೆ, ಕ್ರ್ಯಾಂಕಿನ ನಡುಭಾಗದಲ್ಲಿ ಸವೆದಿದ್ದರೆ ಹಿಮ್ಮಡಿ ಒಳಕ್ಕೆ ತಿರುಗಿ ಬಡಿಯುತ್ತಿದೆ. ಗಂಟು ತಾಗುತ್ತದೆ ಅಂತ ನೀವು ಹೇಳಿದ್ದರಿಂದ ನಿಮ್ಮದು ಎರಡನೆಯದು ಅನ್ನಿಸುತ್ತದೆ.

ಮೊದಲನೆಯದಾದರೆ ಬಲ ಶೂವಿನ ಕ್ಲೀಟನ್ನು ಹೆಬ್ಬೆರಳಿನ ಕಡೆಗೆ, ಅಂದರೆ ಒಳಗೆ, ಒಂದೆರಡು ಮಿಲಿಮೀಟರ್ ಸರಿಸಿ. ಶೂ ಹೊರಕ್ಕೆ ಹೋಗುತ್ತದೆ. ಎರಡನೆಯದಾದರೆ ಕ್ಲೀಟ್ ತಿರುಗಿಸಬೇಕು. ಕ್ಲೀಟಿನ ಮೂತಿಯನ್ನು ಕಿರುಬೆರಳಿನ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ. ಪೆಡಲ್ ಆ ಮೂತಿಯನ್ನು ನೇರ ಮುಂದಕ್ಕೆ ಹಿಡಿಯುವುದರಿಂದ ಶೂ ತಾನೇ ತಿರುಗಿ, ಹಿಮ್ಮಡಿ ಕ್ರ್ಯಾಂಕಿನಿಂದ ದೂರ ಹೋಗುತ್ತದೆ.

ಆದರೆ ಒಂದು ಎಚ್ಚರಿಕೆ. ಹಿಮ್ಮಡಿ ಒಳಗೆ ಬರುತ್ತಿರುವುದು ನಿಮ್ಮ ಕಾಲಿನ ಸ್ವಭಾವವೇ ಆಗಿದ್ದರೆ ಅದನ್ನು ಬಲವಂತವಾಗಿ ನೇರ ಮಾಡಬೇಡಿ. ಎತ್ತರದ ಮೇಜಿನ ಅಂಚಿನಲ್ಲಿ ಕೂತು, ಕಾಲು ನೆಲಕ್ಕೆ ತಾಗದ ಹಾಗೆ ಸುಮ್ನೆ ಇಳಿಬಿಟ್ಟು ಕೆಳಗೆ ನೋಡಿ. ಬಲ ಪಾದ ಹೊರಕ್ಕೆ ಮುಖ ಮಾಡಿದೆಯಾ? ಎಡಗಾಲಿಗಿಂತ ಜಾಸ್ತಿ ಹೊರಗಿದೆಯಾ? ಹಾಗಿದ್ದರೆ ಅದು ಮಂಡಿ, ಸೊಂಟದಿಂದ ಬಂದ ಕೋನ. ಪಾದವನ್ನು ಕಟ್ಟಿಹಾಕಿ ನೇರ ಮಾಡಿದರೆ ತಿರುಚು ಮಂಡಿಗೆ ಹೋಗುತ್ತದೆ. ಶೂ ಉಜ್ಜುವುದು ನಿಂತು ಮಂಡಿ ನೋವು ಶುರುವಾದರೆ ಲಾಭವೇನು? ಇಂಥ ಕಾಲಿಗೆ ಕೋನ ಬಿಟ್ಟು, ಇಡೀ ಪಾದವನ್ನೇ ಹೊರಕ್ಕೆ ತಳ್ಳುವುದು ಸರಿ.

ಕ್ಲೀಟ್ ಒಳಗೆ ಸರಿಸಿದರೂ ಸಾಲದಿದ್ದರೆ ಪೆಡಲ್‌ಗೂ ಕ್ರ್ಯಾಂಕಿಗೂ ನಡುವೆ ಒಂದು ತೆಳ್ಳಗಿನ ಪೆಡಲ್ ವಾಷರ್ ಹಾಕಬಹುದು, ಒಂದು ಮಿಲಿಮೀಟರ್ ಮೇಲೆ ಸ್ವಲ್ಪ ಸಿಗುತ್ತದೆ. ಒಂದು ಸಾಕು. ಮೂರು ನಾಲ್ಕು ಪೇರಿಸಿದರೆ ಪೆಡಲ್ಲಿನ ಥ್ರೆಡ್ ಕ್ರ್ಯಾಂಕಿನೊಳಗೆ ಕಡಿಮೆ ಹಿಡಿಯುತ್ತದೆ, ಎದ್ದು ನಿಂತು ತುಳಿಯುವಾಗ ಕಿತ್ತುಬಂದರೆ ಕ್ರ್ಯಾಂಕೇ ಹೋಗುತ್ತದೆ. ಇನ್ನೂ ಜಾಸ್ತಿ ಬೇಕಿದ್ದರೆ ಉದ್ದ ಅಚ್ಚಿನ ಪೆಡಲ್ ಬರುತ್ತವೆ. ಸೈಕಲ್ ಬಿಡಿಭಾಗ ಮಾಡುವ ಶಿಮಾನೊ ಕಂಪನಿ ತನ್ನ ಕೆಲವು ರೋಡ್ ಪೆಡಲ್‌ಗಳನ್ನು 4 ಮಿಲಿಮೀಟರ್ ಉದ್ದದ ಅಚ್ಚಿನಲ್ಲೂ ಮಾಡುತ್ತದೆ. ಅದಕ್ಕೂ ಮೀರಿದ್ದು ಪೆಡಲ್ ಎಕ್ಸ್‌ಟೆಂಡರ್, ಸುಮಾರು 20 ಮಿಲಿಮೀಟರ್ ಹೊರಕ್ಕೆ ತಳ್ಳುತ್ತದೆ. ಪಾದ ಬಹಳ ಹೊರಕ್ಕೆ ತಿರುಗಿದವರಿಗೆ ಮಾತ್ರ ಅದು.

ಎರಡೂ ಕಾಲಿಗೆ ಒಂದೇ ರೀತಿ ಇರಬೇಕು ಅನ್ನುವ ಹಟ ಬೇಡ. ಎರಡು ಕಾಲು ಒಂದೇ ಥರ ಇರುವವರು ಕಡಿಮೆ.

ಪ್ರಶ್ನೆ: ಹೊಸದಾಗಿ ಕ್ಲೀಟ್ ಶೂ ತಗೊಂಡಿದ್ದೇನೆ. ತಳದಲ್ಲಿ ಉದ್ದ ಸೀಳು ಇದೆ, ಕ್ಲೀಟ್ ಎಲ್ಲಿ ಬೇಕಾದರೂ ಕೂರುತ್ತದೆ. ಎಲ್ಲಿಂದ ಶುರು ಮಾಡಲಿ? ಬಣ್ಣ ಬಣ್ಣದ ಕ್ಲೀಟ್ ಇವೆ, ಯಾವುದು ತೆಗೆದುಕೊಳ್ಳಲಿ?

ಉತ್ತರ: ಇದಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಅವಸರದಲ್ಲಿ ಮಾಡಿದರೆ ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಸವಾರಿಗೆ ಹಾಕುವ ಸಾಕ್ಸ್ ಹಾಕಿ, ಶೂ ಹಾಕಿ, ಪಟ್ಟಿ ಬಿಗಿದು ನಿಲ್ಲಿ. ಈಗ ಬಗ್ಗಿ, ಶೂವಿನ ಒಳಬದಿಯಲ್ಲಿ ಬೆರಳಿನಿಂದ ಒತ್ತಿ ಒತ್ತಿ ಹೆಬ್ಬೆರಳಿನ ಬುಡದ ಗಂಟನ್ನು ಹುಡುಕಿ. ಪಾದ ಅಲ್ಲಿ ಹೊರಕ್ಕೆ ಉಬ್ಬಿರುತ್ತದೆ, ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿದರೆ ಒಳಗೆ ಮೂಳೆ ಅಲುಗುವುದು ಶೂ ಮೇಲಿನಿಂದಲೇ ಗೊತ್ತಾಗುತ್ತದೆ. ಅಲ್ಲಿಗೆ ಒಂದು ತುಂಡು ಟೇಪ್ ಅಂಟಿಸಿ ಪೆನ್ನಿನಲ್ಲಿ ಗೆರೆ ಎಳೆಯಿರಿ. ಹೊರಬದಿಯಲ್ಲಿ ಕಿರುಬೆರಳಿನ ಬುಡದ ಗಂಟಿಗೂ ಹಾಗೇ ಮಾಡಿ. ಈ ಎರಡನೆಯ ಗೆರೆ ಮೊದಲನೆಯದಕ್ಕಿಂತ ಹಿಂದೆ ಬರುತ್ತದೆ, ತಪ್ಪಾಯಿತಾ ಅಂತ ಅನುಮಾನ ಬೇಡ, ಪಾದ ಇರುವುದೇ ಹಾಗೆ.

ಈಗ ಶೂ ಬಿಚ್ಚಿ ಮಗುಚಿ ಹಾಕಿ. ಪೆಡಲ್ ಅಚ್ಚಿನ ನಡುಗೆರೆ ಎಲ್ಲಿ ಬರುತ್ತದೆ ಅಂತ ತೋರಿಸಲು ಬಹಳಷ್ಟು ಕ್ಲೀಟಿನ ಮೇಲೆ ಸಣ್ಣ ಗುರುತು ಇರುತ್ತದೆ. ಆ ಗುರುತು ನೀವು ಎಳೆದ ಎರಡು ಗೆರೆಗಳ ನಡುವೆ ಬರುವ ಹಾಗೆ ಕ್ಲೀಟ್ ಇಡಿ. ಅಡ್ಡಕ್ಕೆ ನಡುಮಧ್ಯದಲ್ಲಿ, ಮೂತಿ ಶೂ ತುದಿಗೆ ನೇರವಾಗಿ. ಇದು ಶುರು ಮಾಡುವ ಜಾಗ. ಮೇಜಿನ ಮೇಲೆ ಕೂತು ನೋಡಿದಾಗ ಕಂಡ ಪಾದದ ಕೋನಕ್ಕೆ ತಕ್ಕಂತೆ ಮೂತಿಯನ್ನು ಸ್ವಲ್ಪ ತಿರುಗಿಸಿ: ಪಾದ ಹೊರಕ್ಕೆ ತಿರುಗಿದ್ದರೆ ಮೂತಿ ಹೆಬ್ಬೆರಳ ಕಡೆಗೆ.

ಬೋಲ್ಟ್ ಹಾಕುವ ಮುಂಚೆ ಥ್ರೆಡ್‌ಗೆ ಚೂರು ಗ್ರೀಸ್ ಸವರಿ. ಇದು ಕ್ಷುಲ್ಲಕ ಅನ್ನಿಸಬಹುದು, ಆದರೆ ತಳದ ಬೋಲ್ಟ್‌ಗಳು ಸದಾ ನೀರು ಮಣ್ಣಿನಲ್ಲಿ ಇರುತ್ತವೆ, ಆರು ತಿಂಗಳ ನಂತರ ತುಕ್ಕು ಹಿಡಿದ ಬೋಲ್ಟ್ ಬಿಚ್ಚುವಾಗ ಅದರ ತಲೆಯೇ ಸವೆದು ಹೋಗುತ್ತದೆ. ಬೋಲ್ಟ್‌ಗಳನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಅದು ಬಿಗಿಯಾಗುವ ಹೊತ್ತಿಗೆ ಕ್ಲೀಟ್ ತಿರುಗಿರುತ್ತದೆ. ಬಿಗಿತ 5ರಿಂದ 6 ನ್ಯೂಟನ್ ಮೀಟರ್. ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದವರು ಸಣ್ಣ ಅಲೆನ್ ಕೀಯನ್ನು ಬೆರಳುಗಳಲ್ಲಿ ಹಿಡಿದು ಗಟ್ಟಿಯಾಗಿ ತಿರುಗಿಸಿ, ಉದ್ದ ಹಿಡಿಕೆ ಹಾಕಿ ಮೈಭಾರ ಬಿಡಬೇಡಿ.

ಇನ್ನು ಬಣ್ಣ. ಮೊದಲು ಜಾತಿ ಗೊತ್ತಾಗಬೇಕು. ಎರಡು ಬೋಲ್ಟಿನ ಸಣ್ಣ ಲೋಹದ ಕ್ಲೀಟ್ ಒಂದು, ಇದು ಶೂ ತಳದೊಳಗೆ ಹುದುಗಿರುತ್ತದೆ, ನಡೆಯಲು ಸುಲಭ. ಶಿಮಾನೊ 1990ರಲ್ಲಿ ತಂದ ಎಸ್‌ಪಿಡಿ ಈ ಜಾತಿಯದು. ಇನ್ನೊಂದು ಮೂರು ಬೋಲ್ಟಿನ ಅಗಲ ಪ್ಲಾಸ್ಟಿಕ್ ಕ್ಲೀಟ್, ರೋಡ್ ಸೈಕಲ್‌ಗೆ. ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇಂಥ ಪೆಡಲ್ ಮಾರುಕಟ್ಟೆಗೆ ತಂದಿತು. ಮಾರನೆಯ ವರ್ಷ ಬೆರ್ನಾರ್ ಇನೋ ಅದರಲ್ಲೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ ಮೇಲೆ ಎಲ್ಲರ ಕಣ್ಣು ಅದರ ಮೇಲೆ ಬಿತ್ತು.

ಬಣ್ಣ ಬರುವುದು ಈ ಪ್ಲಾಸ್ಟಿಕ್ ಕ್ಲೀಟ್‌ಗಳಲ್ಲಿ. ಕಚ್ಚಿಕೊಂಡ ಮೇಲೂ ಹಿಮ್ಮಡಿ ಎಷ್ಟು ಅತ್ತಿತ್ತ ಆಡುತ್ತದೆ ಅನ್ನುವುದನ್ನು ಅದು ಹೇಳುತ್ತದೆ. ಶಿಮಾನೊದಲ್ಲಿ ಹಳದಿ 6 ಡಿಗ್ರಿ, ನೀಲಿ 2 ಡಿಗ್ರಿ, ಕೆಂಪು ಒಂಚೂರೂ ಆಡುವುದಿಲ್ಲ. ಲುಕ್ ಕಂಪನಿಯ ಕಿಯೊ ಕ್ಲೀಟಿನಲ್ಲಿ ಕೆಂಪು 9 ಡಿಗ್ರಿ, ಬೂದು 4.5, ಕಪ್ಪು ಆಡುವುದಿಲ್ಲ. ನೋಡಿ, ಅದೇ ಕೆಂಪು ಬಣ್ಣ ಒಂದು ಕಂಪನಿಯಲ್ಲಿ ಪೂರ್ತಿ ಸಡಿಲ, ಇನ್ನೊಂದರಲ್ಲಿ ಪೂರ್ತಿ ಬಿಗಿ. ಗೆಳೆಯ ಕೆಂಪು ಚೆನ್ನಾಗಿದೆ ಅಂದ ಅಂತ ತಂದು ಹಾಕಿಕೊಂಡು ಮಂಡಿ ನೋಯಿಸಿಕೊಂಡವರನ್ನು ನಾನು ನೋಡಿದ್ದೇನೆ. ಒಂದು ಕಂಪನಿಯ ಕ್ಲೀಟ್ ಇನ್ನೊಂದರ ಪೆಡಲ್‌ಗೆ ಹೊಂದುವುದೂ ಇಲ್ಲ. ನಿಮ್ಮಂತೆ ಹೊಸದಾಗಿ ಶುರು ಮಾಡುವವರಿಗೆ ಆಡುವ ಕ್ಲೀಟೇ ಸರಿ, ಕಾಲು ತನಗೆ ಬೇಕಾದ ಕೋನ ತಾನೇ ಹುಡುಕಿಕೊಳ್ಳುತ್ತದೆ.

ಮೊದಲ ಮೂರು ನಾಲ್ಕು ಸವಾರಿಗೆ ಅಲೆನ್ ಕೀ ಜೇಬಿನಲ್ಲಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಒಂದೆರಡು ಮಿಲಿಮೀಟರ್. ಒಟ್ಟಿಗೆ ಎರಡು ಬದಲಾಯಿಸಿದರೆ ಯಾವುದರಿಂದ ಹಿತವಾಯಿತು ಅಂತ ಗೊತ್ತಾಗುವುದಿಲ್ಲ. ಸರಿ ಅನ್ನಿಸಿದ ದಿನ ಕ್ಲೀಟಿನ ಸುತ್ತ ಪರ್ಮನೆಂಟ್ ಮಾರ್ಕರಿನಲ್ಲಿ ಗೆರೆ ಎಳೆದು, ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಕ್ಲೀಟ್ ಸವೆದು ಹೊಸದು ಹಾಕುವ ದಿನ ಆ ಗೆರೆಗೆ ಬೆಲೆ ಕಟ್ಟಲಾಗುವುದಿಲ್ಲ.

ಪ್ರಶ್ನೆ: ಹಿಂದಿನ ಕ್ಯಾರಿಯರ್ ಬದಿಗೆ ಚೀಲ ನೇತುಹಾಕಿದರೆ ಪ್ರತಿ ಸುತ್ತಿಗೂ ಹಿಮ್ಮಡಿ ಬಡಿಯುತ್ತದೆ.

ಉತ್ತರ: ಮೊದಲು ಕಾಲು ಬಿಟ್ಟು ಚೀಲ ಸರಿಸಿ. ಚೀಲದ ಕೊಕ್ಕೆಗಳನ್ನು ಬಹುತೇಕ ಹಿಂದೆ ಮುಂದೆ ಸರಿಸಲು ಬರುತ್ತದೆ, ಕ್ಯಾರಿಯರ್ ಕೊನೆಯವರೆಗೂ ಹಿಂದಕ್ಕೆ ಹಾಕಿ. ಕೆಳಗಿನ ಮುಂದಿನ ಮೂಲೆ ಓರೆಯಾಗಿ ಕತ್ತರಿಸಿದಂತಿರುವ ಚೀಲಗಳು ಬರುತ್ತವೆ, ಅವು ಇದಕ್ಕಾಗಿಯೇ ಇರುವುದು. ಇನ್ನೂ ತಾಗಿದರೆ ಕ್ಲೀಟನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ, ಪಾದ ಮುಂದಕ್ಕೆ ಬಂದು ಹಿಮ್ಮಡಿಗೆ ಜಾಗ ಸಿಗುತ್ತದೆ. ಕ್ಲೀಟ್ ಇಲ್ಲದ ಸಾದಾ ಪೆಡಲ್ ಆದರೆ ಪಾದವನ್ನೇ ಒಂದಿಷ್ಟು ಮುಂದಿಟ್ಟು ತುಳಿದರಾಯಿತು.

ಆದರೆ ಮೇಲಿನ ಮೊದಲ ಪ್ರಶ್ನೆ ಕೇಳಿದವರಿಗೆ ನಾನು ಇದರ ಉಲ್ಟಾ ಹೇಳಿದ್ದೇನೆ ಅಲ್ವಾ? ಹಿಮ್ಮಡಿಗೆ ಕೊಟ್ಟ ಜಾಗ ಬೆರಳಿನ ಕಡೆಯಿಂದ ಕಿತ್ತುಕೊಂಡಿದ್ದು. ಚಿಕ್ಕ ಫ್ರೇಮಿನವರು ಕ್ಲೀಟ್ ಹಿಂದಕ್ಕೆ ಸರಿಸಿದ ಕೂಡಲೇ ಮುಂದಿನ ಚಕ್ರದ ಪರೀಕ್ಷೆ ಇನ್ನೊಮ್ಮೆ ಮಾಡಲೇಬೇಕು. ರೇಸಿನ ಸೈಕಲ್‌ಗಳಲ್ಲಿ ಹಿಂದಿನ ಚಕ್ರ ಪೆಡಲ್‌ಗೆ ತೀರಾ ಹತ್ತಿರ ಇರುತ್ತದೆ, ಪ್ರವಾಸದ ಸೈಕಲ್‌ಗಳಲ್ಲಿ ಆ ಭಾಗ ಉದ್ದ ಇಡುವುದಕ್ಕೆ ಈ ಹಿಮ್ಮಡಿಯೂ ಒಂದು ಕಾರಣ.

ಪ್ರಶ್ನೆ: ಹಳೆ ಪೆಡಲ್ ಬಿಚ್ಚಲು ಹೋದೆ. ಬಲಗಡೆಯದು ಬಂತು, ಎಡಗಡೆಯದು ಎಷ್ಟು ತಿರುಗಿಸಿದರೂ ಬರುತ್ತಿಲ್ಲ. ಇನ್ನೂ ಬಿಗಿಯಾದಂತಿದೆ.

ಉತ್ತರ: ಬಿಗಿಯೇ ಆಗಿದೆ. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ. ನೀವು ಬಿಚ್ಚುವ ದಿಕ್ಕು ಅಂದುಕೊಂಡಿದ್ದು ಅದಕ್ಕೆ ಬಿಗಿಯುವ ದಿಕ್ಕು. ತುಳಿಯುವಾಗ ಬೀಳುವ ಭಾರ ಅಚ್ಚಿನ ಸುತ್ತ ಸುತ್ತುತ್ತಾ ಹೋಗುತ್ತದೆ, ಎರಡೂ ಕಡೆ ಒಂದೇ ಥ್ರೆಡ್ ಇದ್ದರೆ ಎಡಗಡೆಯದು ತಾನಾಗೇ ಸಡಿಲವಾಗುತ್ತಾ ಬಂದು ಬಿದ್ದುಹೋಗುತ್ತಿತ್ತು. ಅದಕ್ಕೇ ಹಾಗೆ ಮಾಡಿದ್ದಾರೆ.

ನೆನಪಿಡಲು ಸುಲಭದ ದಾರಿ: ಸ್ಪ್ಯಾನರ್ ಹಿಡಿಕೆ ಆಕಾಶ ನೋಡುವ ಹಾಗೆ ಹಾಕಿ. ಎರಡೂ ಕಡೆ, ಹಿಡಿಕೆಯನ್ನು ಹಿಂದಿನ ಚಕ್ರದ ಕಡೆ ಎಳೆದರೆ ಬಿಚ್ಚುತ್ತದೆ, ಮುಂದಿನ ಚಕ್ರದ ಕಡೆ ತಳ್ಳಿದರೆ ಬಿಗಿಯಾಗುತ್ತದೆ. ಅಲೆನ್ ಕೀ ಒಳಗಡೆಯಿಂದ ಹಾಕಿದರೂ ಇದೇ ಲೆಕ್ಕ. ಸ್ಪ್ಯಾನರ್ 15 ಮಿಲಿಮೀಟರಿನದು, ತೆಳ್ಳಗಿರಬೇಕು. ಅಲೆನ್ ಆದರೆ 6 ಅಥವಾ 8.

ಚೈನನ್ನು ಮುಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿಯೇ ಕೈ ಹಚ್ಚಿ. ಗಟ್ಟಿಯಾದ ಪೆಡಲ್ ಒಮ್ಮೆಗೇ ಬಿಟ್ಟುಕೊಟ್ಟಾಗ ಕೈ ಮುಷ್ಟಿ ಹೋಗಿ ಬಡಿಯುವುದು ಆ ಹಲ್ಲುಗಳಿಗೆ, ಚೈನ್ ಮೇಲಿದ್ದರೆ ಚರ್ಮ ಉಳಿಯುತ್ತದೆ. ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ.

ಹೊಸದು ಹಾಕುವಾಗ ಎಡ ಬಲ ಗುರುತು ನೋಡಿ, ಅಚ್ಚಿನ ಮೇಲೆ ಎಲ್ ಅಥವಾ ಆರ್ ಅಂತ ಕೆತ್ತಿರುತ್ತಾರೆ. ಥ್ರೆಡ್‌ಗೆ ಗ್ರೀಸ್ ಹಚ್ಚಿ, ಮೊದಲ ನಾಲ್ಕೈದು ಸುತ್ತು ಬರೀ ಬೆರಳಿನಿಂದ ತಿರುಗಿಸಿ. ಬೆರಳಿಗೆ ತಡೆದರೆ ನಿಲ್ಲಿಸಿ, ಓರೆ ಕೂತಿದೆ ಅಂತ ಅರ್ಥ. ಅಲ್ಲಿ ಸ್ಪ್ಯಾನರ್ ಹಾಕಿ ಒತ್ತಿದರೆ ಪೆಡಲ್ಲಿನ ಉಕ್ಕು ಕ್ರ್ಯಾಂಕಿನ ಅಲ್ಯೂಮಿನಿಯಂ ಥ್ರೆಡ್ಡನ್ನು ಕೆರೆದು ಹಾಕುತ್ತದೆ. ನನ್ನ ಒಂದು ಕ್ರ್ಯಾಂಕ್ ಹೀಗೇ ಹಾಳಾಯಿತು, ರಿಪೇರಿಗೆ ಕೊಟ್ಟಿದ್ದ ಕಡೆ ಅವಸರದಲ್ಲಿ ನೇರ ಸ್ಪ್ಯಾನರ್ ಹಾಕಿದ್ದರು. ಆ ಕರಕರ ಶಬ್ದ ಈಗಲೂ ಕಿವಿಯಲ್ಲಿದೆ. ಕೊನೆಗೆ 35ರಿಂದ 40 ನ್ಯೂಟನ್ ಮೀಟರ್ ಬಿಗಿ ಸಾಕು.

ಪ್ರಶ್ನೆ: ಒಂದು ಗಂಟೆ ತುಳಿದ ಮೇಲೆ ಬೆರಳುಗಳ ಬುಡ ಕೆಂಡದ ಮೇಲಿಟ್ಟಂತೆ ಉರಿಯುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ. ಶೂ ಚಿಕ್ಕದಾಯಿತಾ?

ಉತ್ತರ: ಇರಬಹುದು. ಕಾಲು ಬಿಸಿಗೆ, ಹೊತ್ತು ಹೋದಂತೆ ಊದುತ್ತದೆ. ಬೆಳಿಗ್ಗೆ ಅಂಗಡಿಯಲ್ಲಿ ಸರಿಯಾಗಿದ್ದ ಶೂ ಎರಡು ಗಂಟೆ ಸವಾರಿಯ ನಂತರ ಬಿಗಿಯಾಗುತ್ತದೆ. ನಾಳೆ ಸವಾರಿಯಲ್ಲಿ ಉರಿ ಶುರುವಾದ ಕೂಡಲೇ ಮುಂದಿನ ಪಟ್ಟಿಯನ್ನು ಪೂರ್ತಿ ಸಡಿಲ ಮಾಡಿ ನೋಡಿ. ಐದು ಹತ್ತು ನಿಮಿಷದಲ್ಲಿ ಕಡಿಮೆಯಾದರೆ ಕಾರಣ ಬಿಗಿತ. ಮೇಲಿನ ಪಟ್ಟಿ ಪಾದ ಹಿಡಿದರೆ ಸಾಕು, ಮುಂದಿನದಕ್ಕೆ ಬೆರಳು ಅಲುಗಿಸುವಷ್ಟು ಜಾಗ ಬಿಡಿ.

ಕಡಿಮೆಯಾಗದಿದ್ದರೆ ಕ್ಲೀಟ್ ನೋಡಿ. ಬೆರಳ ಬುಡದ ಮೂಳೆಗಳ ನಡುವೆ ನರಗಳು ಹಾದುಹೋಗುತ್ತವೆ, ಕ್ಲೀಟ್ ಅದಕ್ಕೆ ನೇರ ಕೆಳಗಿದ್ದರೆ ಪ್ರತಿ ಸುತ್ತಿಗೂ ಅಲ್ಲೇ ಒತ್ತು. 3ರಿಂದ 5 ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ ಭಾರ ಪಾದದ ಗಟ್ಟಿ ಭಾಗಕ್ಕೆ ಹೋಗುತ್ತದೆ. ದೂರ ಹೋಗುವವರು ಕ್ಲೀಟ್ ಸ್ವಲ್ಪ ಹಿಂದೆಯೇ ಇಡುವುದು ಒಳ್ಳೆಯದು ಅಂತ ನಾನು ನಂಬಿದ್ದೇನೆ, ಮೀನಖಂಡಕ್ಕೂ ಆಯಾಸ ಕಡಿಮೆ. ಕ್ಲೀಟ್ ಹಿಂದೆ ಹೋದಾಗ ಕಾಲು ಪೆಡಲ್ ಮುಟ್ಟಲು ಸ್ವಲ್ಪ ಜಾಸ್ತಿ ಚಾಚಬೇಕಾಗುತ್ತದೆ, ಹಾಗಾಗಿ ಸೀಟು ಒಂದೆರಡು ಮಿಲಿಮೀಟರ್ ಇಳಿಸಿ. ಸವಾರಿ ನಿಲ್ಲಿಸಿ ದಿನಗಳಾದರೂ ಜೋಮು ಹೋಗದಿದ್ದರೆ ಅಲೆನ್ ಕೀ ಕೆಳಗಿಟ್ಟು ವೈದ್ಯರನ್ನು ಕಾಣಿ.

ಪ್ರಶ್ನೆ: ಕ್ಲೀಟ್ ಹಾಕಿಕೊಂಡು ನಿಲ್ಲುವಾಗ ಕಾಲು ಬಿಡಿಸಲಾಗದೆ ಬೀಳುತ್ತೇನೆ ಅನ್ನುವ ಭಯ.

ಉತ್ತರ: ಈ ಭಯ ನ್ಯಾಯವಾದದ್ದು. ಪೆಡಲ್ ಮೇಲೆ ಸ್ಪ್ರಿಂಗ್ ಬಿಗಿತದ ಒಂದು ಸಣ್ಣ ಸ್ಕ್ರೂ ಇರುತ್ತದೆ. ಎರಡೂ ಪೆಡಲ್ಲಿನಲ್ಲಿ ಅದನ್ನು ಪೂರ್ತಿ ಸಡಿಲಕ್ಕೆ ತನ್ನಿ, ಎಸ್‌ಪಿಡಿ ಪೆಡಲ್ ಆದರೆ ಪ್ರತಿ ಪೆಡಲ್‌ಗೆ ಎರಡು ಬದಿಯಲ್ಲೂ ಇರುತ್ತದೆ, ಒಂದನ್ನು ಮರೆತರೆ ಒಂದು ಸಲ ಸುಲಭ, ಒಂದು ಸಲ ಕಷ್ಟ ಆಗುತ್ತದೆ. ಗೋಡೆ ಹಿಡಿದು ಕೂತು ಒಂದೊಂದು ಕಾಲಿಗೂ ಐವತ್ತು ಸಲ ಹಾಕಿ ಬಿಡಿಸಿ. ಬಿಡಿಸುವುದು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ, ಮೇಲಕ್ಕೆ ಎಳೆದಲ್ಲ. ಗಾಬರಿಯಾದಾಗ ಎಲ್ಲರೂ ಮೇಲಕ್ಕೇ ಎಳೆಯುತ್ತಾರೆ. ರಸ್ತೆಯಲ್ಲಿ ನಿಲ್ಲುವ ಜಾಗಕ್ಕೆ ಹತ್ತು ಮೀಟರ್ ಮೊದಲೇ ಒಂದು ಕಾಲು ಬಿಡಿಸಿಟ್ಟುಕೊಳ್ಳಿ. ಎಸ್‌ಪಿಡಿಯಲ್ಲಿ ಎಸ್‌ಎಚ್ 56 ಅನ್ನುವ ಕ್ಲೀಟ್ ಬರುತ್ತದೆ, ಅದು ಒಂದಕ್ಕಿಂತ ಹೆಚ್ಚು ದಿಕ್ಕಿನಲ್ಲಿ ಬಿಡುತ್ತದೆ. ನಿಮಗೆ ಅದು ಒಳ್ಳೆಯದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಿ. ಒಮ್ಮೆ ಎರಡು ದಿನದಿಂದ ನನ್ನ ಎಡ ಪೆಡಲ್ ಹತ್ತಿರ ಟಿಕ್ ಟಿಕ್ ಅನ್ನುತ್ತಿತ್ತು. ನೋಡಿದರಾಯಿತು ಅಂತ ಬಿಟ್ಟೆ. ಮೂರನೆಯ ದಿನ ನಿಲ್ಲಲು ಹಿಮ್ಮಡಿ ತಿರುಗಿಸಿದೆ, ಶೂ ತಿರುಗಿತು, ಕ್ಲೀಟ್ ಅಲ್ಲೇ ನಿಂತಿತು. ಎರಡು ಬೋಲ್ಟಿನಲ್ಲಿ ಒಂದು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು, ಉಳಿದ ಒಂದರ ಮೇಲೆ ಶೂ ಗಿರಗಿಟ್ಟಲೆಯಂತೆ ತಿರುಗುತ್ತಿತ್ತೇ ಹೊರತು ಬಿಡುತ್ತಿರಲಿಲ್ಲ. ಪುಣ್ಯಕ್ಕೆ ಬಲಗಾಲು ಮೊದಲೇ ಬಿಡಿಸಿದ್ದೆ. ಒಂದು ಕಂಬಕ್ಕೆ ಒರಗಿ, ಶೂವಿನ ಪಟ್ಟಿ ಬಿಚ್ಚಿ ಪಾದವನ್ನು ಎಳೆದುಕೊಂಡೆ. ಶೂ ಪೆಡಲ್ಲಿನಲ್ಲೇ ನೇತಾಡುತ್ತಿತ್ತು. ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಅದೇ, ಕಾಲು ತಿರುಚಿ ಗುದ್ದಾಡಬೇಡಿ, ಶೂ ಬಿಟ್ಟು ಕಾಲು ತೆಗೆಯಿರಿ. ಹೊಸ ಕ್ಲೀಟ್ ಹಾಕಿದ ಮೊದಲ ಸವಾರಿಯ ನಂತರ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬೋಲ್ಟ್ ಬಿಗಿ ನೋಡಿ. ಟಿಕ್ ಅಂದರೆ ಅವತ್ತೇ ನೋಡಿ.

ಪ್ರಶ್ನೆ: ನಾನು ದಿನಾ ಕೆಲಸಕ್ಕೆ ಐದು ಕಿಲೋಮೀಟರ್ ತುಳಿಯುತ್ತೇನೆ. ಕ್ಲೀಟ್ ಬೇಕಾ?

ಉತ್ತರ: ಬೇಡ. ಸಣ್ಣ ಮೊಳೆಗಳಿರುವ ಅಗಲ ಫ್ಲ್ಯಾಟ್ ಪೆಡಲ್ ಹಾಕಿಸಿ, ತಳ ತೀರಾ ಮೆತ್ತಗಿರದ ಶೂ ಹಾಕಿ. ಪಾದ ಎಲ್ಲಿಡಬೇಕು ಅನ್ನುವ ಲೆಕ್ಕ ನಿಮಗೂ ಅದೇ, ಬೆರಳ ಬುಡದ ಗಂಟು ಪೆಡಲ್ ಅಚ್ಚಿನ ಮೇಲೆ ಅಥವಾ ಸ್ವಲ್ಪ ಮುಂದೆ. ತುಳಿಯುತ್ತಾ ತುಳಿಯುತ್ತಾ ಪಾದ ಮಧ್ಯಕ್ಕೆ ಜಾರಿ ಅಂಗಾಲಿನ ಗುಳಿಯಿಂದ ತುಳಿಯುವ ಅಭ್ಯಾಸ ಬಹಳ ಜನಕ್ಕಿದೆ, ಆಗ ಶೂ ತುದಿ ಮುಂದಿನ ಚಕ್ರಕ್ಕೆ ಹತ್ತಿರವಾಗುತ್ತದೆ. ಜೋರಾಗಿ ವಾಲಿ ತಿರುಗುವಾಗ ತುಳಿಯಬೇಡಿ. ಒಳಗಿನ ಪೆಡಲ್ ಮೇಲೆ, ಹೊರಗಿನದು ಕೆಳಗೆ. ಅಗಲ ಪೆಡಲ್ಲಿನ ಅಂಚು ನೆಲಕ್ಕೆ ಬೇಗ ತಾಗುತ್ತದೆ.

ಪ್ಯಾಂಟಿನ ಬಲಗಾಲನ್ನು ಮಡಚಿ ಒಂದು ಪಟ್ಟಿ ಕಟ್ಟಿಕೊಳ್ಳಿ, ಚೈನ್ ಇರುವುದು ಆ ಕಡೆ.